ಇಟಲಿಗೆ ಯಾವ ಲೆನ್ಸ್ ಒಯ್ಯಬೇಕು? ಝಡ್ 6-2, ಹತ್ತು ದಿನ, ಎರಡು ಕಿಲೋ ಮಿತಿ

ಜಯನಗರ 4ನೇ ಬ್ಲಾಕ್:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರ ಬೆಂಗಳೂರಿಂದ ಹೊರಟು ಹತ್ತು ದಿನ ಇಟಲಿ. ರೋಮ್ ನಾಲ್ಕು ದಿನ, ಫ್ಲಾರೆನ್ಸ್ ಮೂರು, ವೆನಿಸ್ ಮೂರು. ಕ್ಯಾಮೆರಾ ಬಾಡಿ ನಿಕಾನ್ ಝಡ್ 6-2, ಅದರ ಜೊತೆ ಬಂದ 24-70 ಎಫ್/4 ಲೆನ್ಸ್ ಇದೆ. ಅಪ್ಪ ಅಮ್ಮ ಜೊತೆಗಿರುತ್ತಾರೆ, ಒಂದೊಂದು ಚಿತ್ರಕ್ಕೂ ಅವರನ್ನು ಹತ್ತು ನಿಮಿಷ ನಿಲ್ಲಿಸುವಂತಿಲ್ಲ. ಬಾಡಿ ಸೇರಿ ಹೆಗಲ ಮೇಲೆ ಎರಡು ಕಿಲೋ ದಾಟಬಾರದು. ತಲೆಯಲ್ಲಿ ಇರುವುದು 24-120 ಎಫ್/4, 24-200, 14-30 ಎಫ್/4, 70-200 ಎಫ್/2.8. ಅರ್ಧ ಚಿತ್ರಗಳು ಚರ್ಚು, ಮ್ಯೂಸಿಯಂ ಒಳಗೆ. ಉಳಿದರ್ಧ ಬೀದಿ ಮತ್ತು ಊರಿನ ನೋಟ. ಯಾವುದನ್ನು ಬಿಡಲಿ? ಟ್ರೈಪಾಡ್ ಬೇಕೇ?

ಮಲ್ಲೇಶ್ವರ 18ನೇ ಕ್ರಾಸ್:
ಮೊದಲು 70-200 ಎಫ್/2.8 ಬಿಡಿ. ಟ್ರೈಪಾಡಿಗೆ ಕೂರಿಸುವ ಕಾಲರ್ ಸೇರಿ 1440 ಗ್ರಾಂ. ಬ್ಯಾಟರಿ, ಕಾರ್ಡ್ ಹಾಕಿದ ಬಾಡಿ 705. ಅಲ್ಲಿಗೇ 2145 ಆಯಿತು, ವೈಡ್ ಲೆನ್ಸ್ ಇನ್ನೂ ಬ್ಯಾಗಿಗೆ ಬಂದೇ ಇಲ್ಲ.

ಉಳಿದವುಗಳಲ್ಲಿ ಆರಿಸಬೇಕಾದರೆ ಒಂದೇ ಪ್ರಶ್ನೆ: ನಿಮಗೆ ಎಷ್ಟು ದೂರ ನಿಲ್ಲಲು ಜಾಗ ಸಿಗುತ್ತದೆ? ನಿಮ್ಮ ಬಾಡಿಯಲ್ಲಿರುವ ಫುಲ್ ಫ್ರೇಮ್ ಸೆನ್ಸರ್ ಅಗಲ 36 ಎಂಎಂ. ಕ್ಯಾಮೆರಾ ಅಡ್ಡ ಹಿಡಿದಾಗ ಚಿತ್ರದೊಳಗೆ ಬರುವ ಅಗಲ ಬೇಕೆಂದರೆ ನಿಂತ ದೂರವನ್ನು 36ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ (ಲೆನ್ಸ್ ಹೆಸರಿನಲ್ಲಿರುವ 14, 24ರಂಥ ಎಂಎಂ ಅಂಕಿ) ಭಾಗಿಸಿ. ಬಾಯಿಪಾಠಕ್ಕೆ ಇಷ್ಟು ಸಾಕು: 14ರಲ್ಲಿ ದೂರದ ಎರಡೂವರೆ ಪಟ್ಟು, 24ರಲ್ಲಿ ಒಂದೂವರೆ ಪಟ್ಟು, 35ರಲ್ಲಿ ಹೆಚ್ಚುಕಡಿಮೆ ದೂರದಷ್ಟೇ, 70ರಲ್ಲಿ ಅರ್ಧ, 120ರಲ್ಲಿ ಮೂರನೇ ಒಂದಕ್ಕಿಂತ ತುಸು ಕಡಿಮೆ. ನಮ್ಮ ವಿಧಾನಸೌಧ 700 ಅಡಿ ಉದ್ದ. 24ರಲ್ಲಿ ನೇರ ಎದುರಿನಿಂದ ಪೂರ್ತಿ ಹಿಡಿಯಲು ಸುಮಾರು 467 ಅಡಿ ಹಿಂದೆ ಹೋಗಬೇಕು. 14ರಲ್ಲಿ 272 ಅಡಿ ಸಾಕು.

ಇದೇ ಲೆಕ್ಕ ರೋಮ್‌ಗೆ ಹಾಕಿ. ಟ್ರೆವಿ ಕಾರಂಜಿಯ ಅಗಲ 49 ಮೀಟರ್, ಎತ್ತರ 26. 24ರಲ್ಲಿ 33 ಮೀಟರ್ ಹಿಂದೆ ನಿಲ್ಲಬೇಕು, 14ರಲ್ಲಿ 19. ಆ ಚೌಕ ಇಕ್ಕಟ್ಟು, ಮೇಲೆ ಜನಸಂದಣಿ. ಪೂರ್ತಿ ಎದುರುನೋಟವೇ ಬೇಕು ಅನ್ನುವವರಿಗೆ 24 ಸಾಲದು. ಓರೆಯಿಂದ, ಒಂದು ಮೂಲೆಗೆ ನಿಂತು ತೆಗೆಯಲು ಒಪ್ಪುವವರಿಗೆ 24 ಸಾಕು. ನನ್ನ ಕಣ್ಣಿಗೆ ಓರೆ ನೋಟವೇ ಚೆನ್ನ, ನೀರಿನ ಆಳ ಕಾಣುತ್ತದೆ.

ಈಗ ದೂರದ ಕಡೆ. ಫ್ಲಾರೆನ್ಸ್‌ನಲ್ಲಿ ಪಿಯಾಟ್ಸಾಲೆ ಮೈಕೆಲೇಂಜೆಲೊ ದಿಣ್ಣೆಯಿಂದ ದೊಡ್ಡ ಗುಮ್ಮಟದ ಕ್ಯಾಥೆಡ್ರಲ್‌ಗೆ ನೇರ ದೂರ ಸುಮಾರು 1.3 ಕಿ.ಮೀ. ಅಲ್ಲಿಂದ 70ರಲ್ಲಿ 670 ಮೀಟರ್ ಅಗಲ ಬರುತ್ತದೆ, 120ರಲ್ಲಿ 390, 200ರಲ್ಲಿ 234. ಕ್ಯಾಥೆಡ್ರಲ್ ಉದ್ದ 153 ಮೀಟರ್. ಅಂದರೆ 70ರಲ್ಲಿ ಊರಿನ ನಡುವೆ ಗುಮ್ಮಟ ಕಾಣುತ್ತದೆ, 120ರಲ್ಲಿ ಗುಮ್ಮಟವೇ ಮುಖ್ಯವಾಗುತ್ತದೆ, 200ರಲ್ಲಿ ಅದೊಂದೇ ಉಳಿಯುತ್ತದೆ. 120ರಲ್ಲಿ ಬಾಡಿಯನ್ನು ಡಿಎಕ್ಸ್ ಕ್ರಾಪ್‌ಗೆ (ಸೆನ್ಸರಿನ ನಡುಭಾಗ ಮಾತ್ರ ಬಳಸುವುದು) ಹಾಕಿದರೆ 180ರ ನೋಟ, ಸುಮಾರು 10 ಮೆಗಾಪಿಕ್ಸೆಲ್ ಉಳಿಯುತ್ತದೆ. ಎ4 ಹಾಳೆಗೆ ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಲು 8.7 ಮೆಗಾಪಿಕ್ಸೆಲ್ ಸಾಕು.

ಆದ್ದರಿಂದ ನನ್ನ ಮತ 24-120 ಎಫ್/4ಕ್ಕೆ. 630 ಗ್ರಾಂ.

ಬನಶಂಕರಿ 2ನೇ ಹಂತ:
ಮಲ್ಲೇಶ್ವರದವರ ಲೆಕ್ಕ ಸರಿ, ತೀರ್ಮಾನ ಒಪ್ಪುವುದಿಲ್ಲ. ಅಪ್ಪ ಅಮ್ಮ ಜೊತೆಗಿದ್ದಾರೆ, ಲೆನ್ಸ್ ಬದಲಿಸುತ್ತಾ ನಿಲ್ಲುವಂತಿಲ್ಲ ಅಂತ ಕೇಳಿದವರೇ ಹೇಳಿದ್ದಾರೆ. ಹಾಗಿದ್ದರೆ 24-200 ಸರಿ. 570 ಗ್ರಾಂ, 24-120ಕ್ಕಿಂತ 60 ಗ್ರಾಂ ಹಗುರ. ಫಿಲ್ಟರ್ 67 ಎಂಎಂ, ಅದೂ ಅಗ್ಗ. ಲೆನ್ಸ್‌ನೊಳಗೇ ಕೈ ನಡುಕ ತಡೆಯುವ ವಿಆರ್ ಇದೆ. 24-120ರಲ್ಲಿ ಇಲ್ಲ, ಅದು ಬಾಡಿಯ ಸ್ಟೆಬಿಲೈಸೇಶನ್ ಮೇಲೇ ನಿಂತಿದೆ. ಕ್ರಾಪ್ ಮಾಡುವ ಗೋಜಿಲ್ಲದೆ 200ರ ತನಕ 24 ಮೆಗಾಪಿಕ್ಸೆಲ್ಲೂ ಸಿಗುತ್ತೆ. ಚರ್ಚುಗಳ ಮಾಡಿನ ಅಂಚಲ್ಲಿರೋ ವಿಗ್ರಹಗಳು, ಗಂಟೆಗೋಪುರದ ಕೆತ್ತನೆ, ಇವೆಲ್ಲ 120ಕ್ಕೆ ಸಣ್ಣದಾಗೇ ಬರೋದು.

ಹನುಮಂತನಗರ:
ಬನಶಂಕರಿ ಸಾರ್, ಹೊರಗಡೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಒಳಗಡೆ ಹೋದಾಗ ನೋಡಿ. ಎಫ್ ಅಂಕಿ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ. 24-200 ಶುರುವಾಗುವುದು ಎಫ್/4ರಲ್ಲಿ, ಆದರೆ ಜೂಮ್ ತಿರುಗಿಸುತ್ತಾ ಹೋದಂತೆ ಕತ್ತಲಾಗುತ್ತಾ 100 ಎಂಎಂ ದಾಟುವ ಹೊತ್ತಿಗೆ ಎಫ್/6.3ಕ್ಕೆ ಬಂದಿರುತ್ತೆ. ಅದು ಒಂದೂ ಕಾಲು ಸ್ಟಾಪ್‌ಗಿಂತ ಹೆಚ್ಚು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ). 24-120ರಲ್ಲಿ ಐಎಸ್ಒ, ಅಂದರೆ ಸೆನ್ಸರಿನ ಸೂಕ್ಷ್ಮತೆ, 3200 ಸಾಕಾದ ಕಡೆ ಇದಕ್ಕೆ 8000 ಬೇಕು.

ಚರ್ಚಿನೊಳಗಿನ ಬೆಳಕು ಎಷ್ಟಿರುತ್ತೆ ಅಂತ ಇಲ್ಲೇ ನೋಡಬಹುದು. ರಾತ್ರಿ ಮನೆ ಹಾಲ್‌ನಲ್ಲಿ ಒಂದೇ ಟ್ಯೂಬ್‌ಲೈಟ್ ಹಾಕಿ, ಎಫ್/4, ಶಟರ್ 1/60 ಸೆಕೆಂಡ್, ಐಎಸ್ಒ 3200 ಇಟ್ಟು ಗೋಡೆಯ ಕ್ಯಾಲೆಂಡರ್ ತೆಗೀರಿ. ದೊಡ್ಡ ಚರ್ಚುಗಳ ನಡುಭಾಗ ಹೆಚ್ಚುಕಡಿಮೆ ಇದೇ ಮಟ್ಟ. ಪಕ್ಕದ ಸಣ್ಣ ಪೂಜಾಸ್ಥಳಗಳು ಇನ್ನೂ ಎರಡು ಸ್ಟಾಪ್ ಕತ್ತಲು. ಅಲ್ಲಿ ಯಾವ ಎಫ್/4 ಜೂಮೂ ಒದ್ದಾಡುತ್ತೆ. ಅದಕ್ಕೇ 40 ಎಂಎಂ ಎಫ್/2 ಒಂದು ಬ್ಯಾಗಲ್ಲಿ ಇರಲಿ. 170 ಗ್ರಾಂ, ಜೇಬಿಗೆ ಹಿಡಿಯುತ್ತೆ. ಎಫ್/4ರಿಂದ ಎಫ್/2 ಅಂದರೆ ಎರಡು ಸ್ಟಾಪ್: ಐಎಸ್ಒ 6400 ಇದ್ದದ್ದು 1600ಕ್ಕೆ ಇಳಿಯುತ್ತೆ.

ಸ್ಟೆಬಿಲೈಸೇಶನ್ ಇದೆಯಲ್ಲ, ಶಟರ್ 1/15ಕ್ಕೆ ಇಳಿಸಿದರಾಯಿತು ಅನ್ನುವವರಿಗೆ ಒಂದು ಮಾತು. ಅದು ನಿಮ್ಮ ಕೈ ನಡುಕ ತಡೆಯುತ್ತೆ, ಎದುರಿಗೆ ನಡೆಯುತ್ತಿರುವವರನ್ನು ನಿಲ್ಲಿಸಲ್ಲ. ಗೋಡೆ, ಚಾವಣಿಗೆ 1/15 ಆದೀತು. ಅಮ್ಮ ದೀಪದ ಮುಂದೆ ನಿಂತಿದ್ದರೆ 1/60ಕ್ಕಿಂತ ಕೆಳಗೆ ಬೇಡ. ನಡೆಯುವ ಜನ ಇದ್ದರೆ 1/125.

ಜಯನಗರ 4ನೇ ಬ್ಲಾಕ್:
ತುಂಬಾ ಉಪಯೋಗವಾಯಿತು. ರೋಮ್‌ನ ಪ್ಯಾಂಥಿಯನ್ ಒಳಗೆ ನೆಲದಿಂದ ಗುಮ್ಮಟದ ಮೇಲಿನ ತೂತಿನವರೆಗೆ ಒಂದೇ ಚಿತ್ರದಲ್ಲಿ ಬೇಕು ಅನ್ನುವ ಆಸೆ. ಅದಕ್ಕೆ 14-30 ಇಲ್ಲದೆ ಆಗದು ಅಲ್ಲವೇ?

ಮಲ್ಲೇಶ್ವರ 18ನೇ ಕ್ರಾಸ್:
ಆಗುತ್ತದೆ, 24ರಲ್ಲೇ. ಪ್ಯಾಂಥಿಯನ್ನಿನ ಒಳ ಅಳತೆ ಸುಲಭ: ವ್ಯಾಸ 43 ಮೀಟರ್ ಚಿಲ್ಲರೆ, ನೆಲದಿಂದ ತೂತಿನ ತನಕದ ಎತ್ತರವೂ ಅಷ್ಟೇ. ಗೋಡೆಗೆ ಬೆನ್ನು ಕೊಟ್ಟು ನಿಂತರೆ ನಡುಬಿಂದು ನಿಮ್ಮಿಂದ 21.5 ಮೀಟರ್ ಮುಂದೆ, ಕಣ್ಣಿನ ಮಟ್ಟದಿಂದ 41.5 ಮೀಟರ್ ಮೇಲೆ. ತೂತಿನ ನಡುಭಾಗ ಸುಮಾರು 62 ಡಿಗ್ರಿ ಮೇಲಕ್ಕೆ, ನಿಮ್ಮ ಕಡೆಯ ಅಂಚು ಸುಮಾರು 67 ಡಿಗ್ರಿ. ಎದುರು ಗೋಡೆಯ ಬುಡ ಎರಡು ಮೂರು ಡಿಗ್ರಿ ಕೆಳಗೆ. ಒಟ್ಟು 70 ಡಿಗ್ರಿ ಬೇಕು. 24 ಎಂಎಂ ಅನ್ನು ಉದ್ದ ಹಿಡಿದರೆ ಮೇಲಿಂದ ಕೆಳಕ್ಕೆ 73.7 ಡಿಗ್ರಿ ಸಿಗುತ್ತದೆ. 28ರಲ್ಲಿ 65.5 ಮಾತ್ರ, ಅದು ಸಾಲದು. ಆದ್ದರಿಂದ 24ಕ್ಕೆ ಪೂರ್ತಿ ತಿರುಗಿಸಿ, ಕ್ಯಾಮೆರಾ ಉದ್ದ ಹಿಡಿದು, ಮೂತಿಯನ್ನು 32ರಿಂದ 34 ಡಿಗ್ರಿ ಮೇಲಕ್ಕೆತ್ತಿ. ನೆಲದ ಅಂಚು ಕೆಳಗೆ, ತೂತು ಮೇಲೆ, ಎರಡೂ ಕೂದಲೆಳೆಯಲ್ಲಿ ಕೂರುತ್ತವೆ. ನಾಲ್ಕೈದು ಹೆಜ್ಜೆ ಮುಂದೆ ಬಂದರೆ ತಪ್ಪಿಹೋಗುತ್ತದೆ, ಗೋಡೆಗೆ ಒರಗಿಯೇ ನಿಲ್ಲಿ.

ಅಲ್ಲಿ ಮುಖ್ಯ ಬೆಳಕು ಆ ತೂತಿನಿಂದಲೇ ಬರುವುದು. ಕ್ಯಾಮೆರಾ ಗೋಡೆಗೆ ಎಕ್ಸ್‌ಪೋಸ್ ಮಾಡಿದರೆ ತೂತು ಬಿಳಿ ಬಟ್ಟಲಾಗುತ್ತದೆ, ಅಂಚೇ ಉಳಿಯುವುದಿಲ್ಲ. ರಾ ಫೈಲ್‌ನಲ್ಲಿ, ಎಕ್ಸ್‌ಪೋಶರ್ ಒಂದು ಸ್ಟಾಪ್ ಕಡಿಮೆ ಮಾಡಿ ತೆಗೆಯಿರಿ. ನೆರಳನ್ನು ಮನೆಗೆ ಬಂದು ಎತ್ತಬಹುದು, ಸುಟ್ಟ ಬೆಳಕನ್ನು ಇಳಿಸಲಾಗದು.

ಹೀಗೆ ಮೇಲಕ್ಕೆತ್ತಿ ತೆಗೆದಾಗ ಕಂಬಗಳು ಒಳಗೆ ವಾಲುತ್ತವೆ. ಪ್ಯಾಂಥಿಯನ್ನಿನಲ್ಲಿ ಅದು ಚೆಂದವೇ, ತಿದ್ದಬೇಡಿ. ಆದರೆ ಹೊರಗೆ, ಕಟ್ಟಡದ ಮುಖ ತೆಗೆಯುವಾಗ ಪರದೆಯಲ್ಲಿ ಮಟ್ಟ ತೋರಿಸುವ ವರ್ಚುವಲ್ ಹೊರೈಜನ್ ಆನ್ ಮಾಡಿ, ಕ್ಯಾಮೆರಾ ನೇರ ಇಟ್ಟು, ಕೆಳಗೆ ಬೇಡವಾದ ನೆಲ ಬಂದರೂ ಬಿಡಿ. ಕ್ಯಾಮೆರಾ ಎತ್ತಿ ಆಮೇಲೆ ಸಾಫ್ಟ್‌ವೇರ್‌ನಲ್ಲಿ ನೆಟ್ಟಗೆ ಮಾಡಿದರೆ ಎರಡೂ ಪಕ್ಕ ಕತ್ತರಿಸಿಹೋಗುತ್ತದೆ. ನೆಲ ಕತ್ತರಿಸುವುದು ಅದಕ್ಕಿಂತ ಸುಲಭ.

ಯಲಹಂಕ ನ್ಯೂಟೌನ್:
14-30ರ ಬಗ್ಗೆ ಎಲ್ಲರೂ ಸ್ವಲ್ಪ ಬೇಗ ಕೈಬಿಟ್ಟಿರಿ. ಒಳ್ಳೆಯ ಲೆನ್ಸ್, 485 ಗ್ರಾಂ, ಮುಂದೆ ಉಬ್ಬಿದ ಗಾಜಿಲ್ಲ, 82 ಎಂಎಂ ಫಿಲ್ಟರ್ ನೇರ ಕೂರುತ್ತದೆ. ಅಗಲದ ಕೋನ ನಿಜವಾಗಿ ಬೇಕಾಗುವುದು ವೆನಿಸ್‌ನ ಓಣಿಗಳಲ್ಲಿ ಮತ್ತು ಚಾವಣಿ ಚಿತ್ರಗಳಲ್ಲಿ. ಆದರೆ ತೂಕ ನೋಡಿ: 705, 630, 485, 170 ಸೇರಿ 1990. ಹತ್ತು ಗ್ರಾಂ ಉಳಿಯಿತು, ಹೆಗಲ ಪಟ್ಟಿ, ಎರಡನೇ ಬ್ಯಾಟರಿ, ಬ್ಯಾಗಿನದೇ ತೂಕ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇರುವ 24-70ನ್ನೇ ಒಯ್ದು, ಹೊಸದಾಗಿ 14-30 ಮತ್ತು 40 ಮಾತ್ರ ತೆಗೆದುಕೊಂಡರೆ 705, 500, 485, 170 ಸೇರಿ 1860. ಫ್ಲಾರೆನ್ಸ್ ದಿಣ್ಣೆಯ ಮೇಲೆ ಡಿಎಕ್ಸ್ ಕ್ರಾಪ್‌ನಲ್ಲಿ 70 ಎಂಎಂ 105 ಆಗುತ್ತದೆ. ವೈಡ್ ಹೆಚ್ಚು ಪ್ರೀತಿಸುವವರಿಗೆ ಇದು ಸರಿಯಾದ ಕಟ್ಟು.

ಹನುಮಂತನಗರ:
ಯಲಹಂಕದವರೇ, 24ಕ್ಕಿಂತ ಅಗಲ ಬೇಕಾಗೋದು ದಿನಕ್ಕೆ ನಾಲ್ಕೈದು ಚಿತ್ರಕ್ಕೆ. ಈಗಿನ ಫೋನ್‌ಗಳಲ್ಲಿ 0.5 ಅಂತ ಇರೋ ಕ್ಯಾಮೆರಾ ಫುಲ್ ಫ್ರೇಮ್ ಲೆಕ್ಕದಲ್ಲಿ ಸುಮಾರು 13 ಎಂಎಂ. ಹಗಲು ಓಣಿಗೆ ಅದು ಸಾಕು. ಒಳಗಡೆ ಚಾವಣಿಗೆ ಸಾಲಲ್ಲ, ಆ ಸಣ್ಣ ಸೆನ್ಸರ್ ಕತ್ತಲಲ್ಲಿ ಬಣ್ಣ ಕಲಸಿಬಿಡುತ್ತೆ. ಚಾವಣಿಗೆ 24ರಲ್ಲಿ ಕ್ಯಾಮೆರಾ ಉದ್ದ ಹಿಡಿದು ಎಡದಿಂದ ಬಲಕ್ಕೆ ನಾಲ್ಕು ಚಿತ್ರ ತೆಗೀರಿ, ಪ್ರತಿ ಚಿತ್ರದಲ್ಲೂ ಹಿಂದಿನದರ ಮೂರನೇ ಒಂದು ಭಾಗ ಬರಬೇಕು. ಎಕ್ಸ್‌ಪೋಶರ್ ಮ್ಯಾನುಯಲ್, ವೈಟ್ ಬ್ಯಾಲೆನ್ಸ್ ಒಂದಕ್ಕೇ ಕಟ್ಟಿಹಾಕಿ. ಆಟೊದಲ್ಲಿ ಬಿಟ್ಟರೆ ನಾಲ್ಕು ತುಂಡೂ ನಾಲ್ಕು ಬಣ್ಣ ಆಗಿ ಜೋಡಿಸಿದ ಕಡೆ ಗೆರೆ ಕಾಣುತ್ತೆ. ಫೋಕಸ್ ಕೂಡ ಮೊದಲ ಚಿತ್ರದಲ್ಲಿ ಹಿಡಿದು ಆಮೇಲೆ ಮ್ಯಾನುಯಲ್‌ಗೆ ಹಾಕಿ. ಕಂಬಗಳು ಹತ್ತಿರ ಇದ್ದರೆ ಈ ಜೋಡಣೆ ಸರಿ ಬರಲ್ಲ, ಕಂಬ ಎರಡಾಗುತ್ತೆ. ಬರೀ ಚಾವಣಿಗೆ ಮಾತ್ರ ಮಾಡಿ.

ಆರ್.ಟಿ. ನಗರ:
ನನ್ನದು ಸಣ್ಣ ಡಿಎಕ್ಸ್ ಸೆನ್ಸರಿನ ಝಡ್ 50. ಇದೇ ಊರುಗಳಿಗೇ ಹೋಗುವುದು. ಮೇಲಿನ ಲೆಕ್ಕ ನನಗೂ ಹೊಂದುತ್ತಾ?

ಮಲ್ಲೇಶ್ವರ 18ನೇ ಕ್ರಾಸ್:
ಹೊಂದುತ್ತದೆ, ಫೋಕಲ್ ಲೆಂತ್ ಎಲ್ಲವನ್ನೂ ಒಂದೂವರೆಯಿಂದ ಭಾಗಿಸಿ ಓದಿಕೊಳ್ಳಿ. 24 ಅಂದ ಕಡೆ 16. ನಿಮ್ಮ 16-50 ಬರೀ 135 ಗ್ರಾಂ, 50-250 ಲೆನ್ಸ್ 405, 12-28 ಪವರ್ ಜೂಮ್ 205. ಮೂರೂ ಸೇರಿ 745 ಗ್ರಾಂ, 450 ಗ್ರಾಂ ಬಾಡಿ ಸೇರಿದರೂ 1200 ದಾಟುವುದಿಲ್ಲ. ಇಷ್ಟು ಹಗುರವಾಗಿ 18ರಿಂದ 375ರ ತನಕದ ನೋಟ ಫುಲ್ ಫ್ರೇಮ್‌ನವರಿಗೆ ಸಿಗದು.

ಒಂದೇ ಎಚ್ಚರ. ನಿಮ್ಮ ಬಾಡಿಯಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಲೆನ್ಸ್‌ಗಳಲ್ಲಿ ಇದೆ. 40 ಎಫ್/2 ಹಾಕಿದರೆ ಅದರಲ್ಲೂ ಇಲ್ಲ, ನಿಮ್ಮಲ್ಲಿ ಅದು 60ರ ನೋಟ. 1/80ಕ್ಕಿಂತ ಕೆಳಗೆ ಕೈಯಲ್ಲಿ ಹಿಡಿಯಬೇಡಿ. ಎಫ್/2ರಿಂದ ಗಳಿಸಿದ ಬೆಳಕಿನಲ್ಲಿ ಅರ್ಧ ಅಲ್ಲೇ ಖರ್ಚಾಗುತ್ತದೆ.

ಯಲಹಂಕ ನ್ಯೂಟೌನ್:
ಟ್ರೈಪಾಡ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬೇಡ. ವ್ಯಾಟಿಕನ್ ಮ್ಯೂಸಿಯಂನಲ್ಲಿ ಫ್ಲ್ಯಾಶ್ ಇಲ್ಲದೆ ಕೈಯಲ್ಲಿ ಹಿಡಿದು ತೆಗೆಯಬಹುದು, ಟ್ರೈಪಾಡ್ ಬಿಡುವುದಿಲ್ಲ. ಸಿಸ್ಟೀನ್ ಚಾಪೆಲ್ ಒಳಗೆ ಫೋಟೊ ಪೂರ್ತಿ ನಿಷೇಧ, ಕ್ಯಾಮೆರಾ ಬ್ಯಾಗಿನೊಳಗೆ ಹೋಗಲಿ. ಫ್ಲಾರೆನ್ಸ್‌ನ ಉಫಿತ್ಸಿ ಮ್ಯೂಸಿಯಂನಲ್ಲೂ ಟ್ರೈಪಾಡ್, ಫ್ಲ್ಯಾಶ್, ಸೆಲ್ಫಿ ಕೋಲು ಮೂರೂ ಇಲ್ಲ. ದೊಡ್ಡ ಬೆನ್ನುಚೀಲಗಳನ್ನು ಬಾಗಿಲಲ್ಲೇ ಇಟ್ಟುಹೋಗಿ ಅನ್ನುತ್ತಾರೆ, ಆದ್ದರಿಂದ ಸಣ್ಣ ಪಕ್ಕದ ಚೀಲವೇ ಒಳ್ಳೆಯದು. ಝಡ್ 6-2ರಲ್ಲಿ ಫ್ಲ್ಯಾಶ್ ಹೇಗೂ ಇಲ್ಲ. ಆದರೆ ಕತ್ತಲಲ್ಲಿ ಫೋಕಸ್‌ಗೆ ನೆರವಾಗುವ ಎಎಫ್ ಅಸಿಸ್ಟ್ ದೀಪ ಹತ್ತುತ್ತದೆ, ಕಾವಲಿನವರು ಅದನ್ನೇ ಫ್ಲ್ಯಾಶ್ ಅಂದುಕೊಳ್ಳುತ್ತಾರೆ. ಮೆನುವಿನಲ್ಲಿ ಅದನ್ನು ಆಫ್ ಮಾಡಿಯೇ ಹೊರಡಿ.

ವೆನಿಸ್‌ನಲ್ಲಿ ಸಂಜೆಯ ಕಾಲುವೆಗೆ ಸೇತುವೆಯ ಕಲ್ಲಿನ ಕಟ್ಟೆಯೇ ಟ್ರೈಪಾಡ್. ಸೂರ್ಯ ಮುಳುಗಿ ಇಪ್ಪತ್ತು ನಿಮಿಷಕ್ಕೆ ಆಕಾಶ ನೀಲಿ ಇರುವಾಗ ಕ್ಯಾಮೆರಾವನ್ನು ಕಟ್ಟೆ ಮೇಲಿಟ್ಟು, ಲೆನ್ಸ್ ಕೆಳಗೆ ಪರ್ಸೋ ಮಡಚಿದ ಕರ್ಚೀಫೋ ಕೊಟ್ಟು ಮಟ್ಟ ಮಾಡಿ, ಎಫ್/8, ಐಎಸ್ಒ 100, 4 ಸೆಕೆಂಡ್, ಎರಡು ಸೆಕೆಂಡಿನ ಟೈಮರ್. ಪಟ್ಟಿ ಮಣಿಕಟ್ಟಿಗೆ ಸುತ್ತಿಯೇ ಇರಲಿ, ಕೆಳಗಿರುವುದು ನೀರು. ಮರದ ಸೇತುವೆ ಬೇಡ, ಜನ ನಡೆದರೆ ಅದುರುತ್ತದೆ. ಅಲ್ಲಿ ಬಸ್ಸಿನಂತೆ ಓಡುವ ವಪೊರೆಟ್ಟೊ ದೋಣಿಯ ಮೇಲಿಂದಾದರೆ ಕಂಬಿಗೆ ಮೊಣಕೈ ಊರಬೇಡಿ, ಎಂಜಿನ್ ನಡುಕ ಕೈಗೆ ಬರುತ್ತದೆ. ಮೈಯನ್ನೇ ಸಡಿಲ ಬಿಟ್ಟು ನಿಂತು 1/500.

ಬನಶಂಕರಿ 2ನೇ ಹಂತ:
ಮ್ಯೂಸಿಯಂ ಒಳಗೆ ಸದ್ದಾಗಬಾರದು ಅಂತ ಸೈಲೆಂಟ್ ಶಟರ್ ಹಾಕುವವರು ಎಚ್ಚರ. ಎಲ್ಇಡಿ ದೀಪದ ಕೆಳಗೆ ಚಿತ್ರದ ಮೇಲೆ ಅಡ್ಡ ಪಟ್ಟೆ ಬರುತ್ತೆ. ಇಲೆಕ್ಟ್ರಾನಿಕ್ ಶಟರ್ ಸೆನ್ಸರ್ ಅನ್ನು ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತೆ, ಅಷ್ಟರಲ್ಲಿ ದೀಪ ಕೆಲವು ಸಲ ಮಿನುಗಿರುತ್ತೆ. ಮೆಕ್ಯಾನಿಕಲ್ ಶಟರ್‌ಗೆ ಬನ್ನಿ. ಸದ್ದಾಗದಂತೆ ತೆಗೆಯಲೇಬೇಕು ಅಂದರೆ 1/50 ಅಥವಾ 1/100 ಇಡಿ. ಇಟಲಿಯ ಕರೆಂಟೂ ನಮ್ಮ ಹಾಗೇ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ, ಆ ವೇಗಕ್ಕೆ ಪಟ್ಟೆ ಹೊಂದಿಹೋಗುತ್ತೆ. ಬೆಸ್ಕಾಂ ಕರೆಂಟಿನಲ್ಲೇ ಅಭ್ಯಾಸ ಮಾಡಿ ಹೊರಡಬಹುದು.

ಇನ್ನು ನನ್ನ 24-200ರ ವಾದ. ಒಳಗಿನ ಚಿತ್ರ ಅರ್ಧ ಅಂತ ಮೊದಲ ಪ್ರಶ್ನೆಯಲ್ಲೇ ಇದೆ, ಅದನ್ನು ನಾನು ತೂಗಿರಲಿಲ್ಲ. ಆ ಲೆಕ್ಕದಲ್ಲಿ 24-120 ಸರಿ. ಬರೀ ಬೆಟ್ಟ, ಸರೋವರ, ಹೊರಾಂಗಣದ ಪ್ರವಾಸಕ್ಕೆ ಈಗಲೂ 24-200 ಅಂತಲೇ ಹೇಳುತ್ತೇನೆ.

ಜಯನಗರ 4ನೇ ಬ್ಲಾಕ್:
ಹಾಗಾದರೆ 24-120 ಮತ್ತು 40 ಎಫ್/2. ಬಾಡಿ ಸೇರಿ 1505 ಗ್ರಾಂ. ಫಿಲ್ಟರ್ ಏನಾದರೂ ಬೇಕೇ? ಧೂಳಿನ ಭಯವೂ ಇದೆ.

ಹನುಮಂತನಗರ:
ಪೋಲರೈಸರ್ ಒಂದು, 77 ಎಂಎಂ. ಕಾಲುವೆ ನೀರಿನ ಹೊಳಪು, ಮಳೆ ಬಿದ್ದ ಕಲ್ಲು ಹಾಸು, ಗಾಜಿನ ಹಿಂದಿನ ವಸ್ತು, ಇವಕ್ಕೆ ಅದರ ಬದಲು ಬೇರೆ ಇಲ್ಲ. ಆದರೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತೆ, ಚರ್ಚಿನ ಬಾಗಿಲಲ್ಲೇ ಬಿಚ್ಚಬೇಕು. 24ರಲ್ಲಿ ನೀಲಿ ಆಕಾಶಕ್ಕೆ ಪೂರ್ತಿ ತಿರುಗಿಸಬೇಡಿ. ಸೂರ್ಯನಿಂದ 90 ಡಿಗ್ರಿಯಲ್ಲಿ ಮಾತ್ರ ಅದರ ಪರಿಣಾಮ ಜೋರು, ಅಷ್ಟು ಅಗಲದ ಚಿತ್ರದಲ್ಲಿ ಆಕಾಶದ ನಡುವೆ ಕಪ್ಪು ಮಚ್ಚೆಯ ಹಾಗೆ ಕಾಣುತ್ತೆ. ಯುವಿ ಫಿಲ್ಟರ್ ಹಾಕಿದ್ದರೆ ರಾತ್ರಿ ಬಿಚ್ಚಿ. ಬೀದಿದೀಪದ ಹಸಿರು ನೆರಳು ಚಿತ್ರದ ಇನ್ನೊಂದು ಮೂಲೆಯಲ್ಲಿ ಮೂಡುತ್ತೆ. ಹುಡ್ ಮಾತ್ರ ಯಾವಾಗಲೂ ಇರಲಿ: ಬಿಸಿಲನ್ನೂ ತಡೆಯುತ್ತೆ, ಗೋಡೆಗೆ ತಾಗಿದರೆ ಏಟೂ ಅದೇ ತಿನ್ನುತ್ತೆ.

ಧೂಳಿಗೆ: ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್, ಬಾಯಿ ಕೆಳಮುಖ, ಹೊಸ ಲೆನ್ಸಿನ ಹಿಂಬದಿ ಮುಚ್ಚಳ ಮೊದಲೇ ಸಡಿಲ ಮಾಡಿಟ್ಟುಕೊಳ್ಳಿ. ಕಟ್ಟಡದ ಒಳಗೆ ಅಥವಾ ಗಾಳಿ ಇಲ್ಲದ ಮೂಲೆಯಲ್ಲಿ ಬದಲಿಸಿ. ಪ್ರತಿ ರಾತ್ರಿ ಹೋಟೆಲ್‌ನಲ್ಲಿ ಎಫ್/16 ಇಟ್ಟು, ಫೋಕಸ್ ಕೆಡಿಸಿ, ಬಿಳಿ ಗೋಡೆಯ ಒಂದು ಚಿತ್ರ. ಕಪ್ಪು ಚುಕ್ಕಿ ಕಂಡರೆ ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಉಗುಳಿನ ಹನಿ ಸೆನ್ಸರ್ ಮೇಲೆ ಕೂರುತ್ತೆ, ಅದು ಧೂಳಿಗಿಂತ ಕೆಟ್ಟದ್ದು.

ಯಲಹಂಕ ನ್ಯೂಟೌನ್:
ವಿಮಾನದ ಕೆಲಸಗಳು. ಬಿಡಿ ಬ್ಯಾಟರಿಗಳು ಚೆಕ್‌ಇನ್ ಸೂಟ್‌ಕೇಸಿನಲ್ಲಿ ಇರಬಾರದು, ಕೈಚೀಲದಲ್ಲೇ. ನಿಮ್ಮ ಇಎನ್-ಇಎಲ್15ಸಿ ಬ್ಯಾಟರಿ 16 ವ್ಯಾಟ್ ಅವರ್, 100ರ ಮಿತಿಯ ಎಷ್ಟೋ ಒಳಗೆ. ತುದಿಗಳು ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ನಮ್ಮ ಮೂರು ಪಿನ್ನಿನ ದಪ್ಪ ಪ್ಲಗ್ ಅಲ್ಲಿ ಕೂರದು, ತೆಳ್ಳನೆಯ ಎರಡು ಪಿನ್ನಿನದು ಕೂರುತ್ತದೆ. ಬಾಡಿಯಲ್ಲೇ ಟೈಪ್-ಸಿ ಕೇಬಲಿನಿಂದ ಚಾರ್ಜ್ ಆಗುತ್ತದೆ, ಫೋನಿನ ಚಾರ್ಜರ್ ಸಾಕಾಗುತ್ತದೆ.

ಹೊಸ ಲೆನ್ಸಿನ ಬಿಲ್ಲು ಮತ್ತು ಬಾಡಿ, ಲೆನ್ಸುಗಳ ಸೀರಿಯಲ್ ನಂಬರ್ ಬರೆದ ಒಂದು ಹಾಳೆ ಜೊತೆಗಿರಲಿ. ಹೊರಡುವ ದಿನ ಟರ್ಮಿನಲ್ 2ರಲ್ಲಿ ಕಸ್ಟಮ್ಸ್‌ನವರಿಗೆ ವಸ್ತು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ, ವಾಪಸ್ ಬರುವಾಗ ಇದನ್ನು ಹೊರದೇಶದಲ್ಲಿ ಕೊಂಡದ್ದಲ್ಲ ಎಂದು ತೋರಿಸಲು ಕಾಗದ ಕೈಯಲ್ಲಿರುತ್ತದೆ. ಅದಕ್ಕೆ ಸಮಯ ಬೇಕು, ಒಂದು ಗಂಟೆ ಮುಂಚೆ ತಲುಪಿ. ಲೆನ್ಸ್ ಬಾಡಿಗೆಗೆ ಪಡೆಯುವವರು ದೇಶದ ಹೊರಗೆ ಒಯ್ಯಲು ಒಪ್ಪಿಗೆ ಇದೆಯೇ ಎಂದು ಮೊದಲೇ ಕೇಳಿ, ಅಂಗಡಿಯಿಂದ ಪತ್ರ ಬರೆಸಿಕೊಳ್ಳಿ.

ಮಲ್ಲೇಶ್ವರ 18ನೇ ಕ್ರಾಸ್:
ಹೊಸ ಲೆನ್ಸ್ ಹೊರಡುವ ಮೂರು ವಾರ ಮುಂಚೆ ಕೈಗೆ ಬರಲಿ. ಒಂದು ಮೂಲೆ ಮಬ್ಬಾಗಿರುವ ಲೆನ್ಸ್ ಸಿಕ್ಕಿದರೆ ಬದಲಿಸಿಕೊಳ್ಳಲು ಸಮಯ ಬೇಕು. ಪರೀಕ್ಷೆ ಹೀಗೆ: ಬೆಳಿಗ್ಗೆ ಎದುರಿನ ಅಪಾರ್ಟ್‌ಮೆಂಟ್ ಗೋಡೆಗೆ ನೇರ ನಿಂತು 24ರಲ್ಲಿ, 70ರಲ್ಲಿ, 120ರಲ್ಲಿ ಎಫ್/4 ಇಟ್ಟು ತಲಾ ಮೂರು ಚಿತ್ರ. ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನಾಲ್ಕು ಮೂಲೆ ಹೋಲಿಸಿ. ಬಲ ಮೇಲ್ಮೂಲೆ ಮಬ್ಬು ಕಂಡಿತು ಅನ್ನಿ. ಕ್ಯಾಮೆರಾವನ್ನು ತಲೆಕೆಳಗು ಹಿಡಿದು ಅದೇ ಗೋಡೆ ತೆಗೆಯಿರಿ, ಫೈಲನ್ನು ತಿರುಗಿಸದೆ ನೋಡಿ. ಮತ್ತೆ ಬಲ ಮೇಲ್ಮೂಲೆಯೇ ಮಬ್ಬಾಗಿದ್ದರೆ ಲೆನ್ಸಿನ ದೋಷ. ಮಬ್ಬು ಎದುರು ಮೂಲೆಗೆ ಹೋಗಿದ್ದರೆ ನೀವು ಗೋಡೆಗೆ ನೇರ ನಿಂತಿರಲಿಲ್ಲ ಅಷ್ಟೇ, ಮತ್ತೊಮ್ಮೆ ತೆಗೆಯಿರಿ.

ಆಮೇಲೆ ಮೋಡ್ ಡಯಲ್‌ನಲ್ಲಿ ನಮ್ಮ ಸೆಟ್ಟಿಂಗ್ ಉಳಿಸಿಡುವ ಯು1, ಯು2 ತುಂಬಿಸಿ. ಯು1 ಬೀದಿಗೆ: ಅಪರ್ಚರ್ ಮೋಡ್, ಎಫ್/8, ಆಟೊ ಐಎಸ್ಒ, ಕನಿಷ್ಠ ಶಟರ್ 1/250. ಯು2 ಒಳಾಂಗಣಕ್ಕೆ: ಎಫ್/4, ಐಎಸ್ಒ ಗರಿಷ್ಠ 6400, ಕನಿಷ್ಠ ಶಟರ್ 1/60, ಎಎಫ್ ದೀಪ ಆಫ್. ಚರ್ಚಿನ ಬಾಗಿಲು ದಾಟುವಾಗ ಡಯಲ್ ಒಂದು ಮೆಟ್ಟಿಲು ತಿರುಗಿಸಿದರೆ ಆಯಿತು, ಅಪ್ಪ ಅಮ್ಮ ಕಾಯಬೇಕಿಲ್ಲ.

ಅವರ ಚಿತ್ರಗಳಿಗೆ ಒಂದು ಮಾತು. 24ರಲ್ಲಿ ಅವರನ್ನು ಅಂಚಿಗೆ ನಿಲ್ಲಿಸಬೇಡಿ, ಮುಖ ಪಕ್ಕಕ್ಕೆ ಎಳೆದಂತೆ ಬರುತ್ತದೆ. 35ಕ್ಕೆ ಬಂದು, ಮೂರು ಮೀಟರ್ ದೂರದಲ್ಲಿ, ಚೌಕಟ್ಟಿನ ನಡುಭಾಗದ ಒಳಗೆ ನಿಲ್ಲಿಸಿ. ಹಿಂದಿನ ಗುಮ್ಮಟವೂ ತುಂಬ ಸಣ್ಣದಾಗದು. ಗುಮ್ಮಟ ಇನ್ನೂ ದೊಡ್ಡದಾಗಿ ಬೇಕಾದರೆ ಅವರನ್ನು ಅಲ್ಲೇ ಬಿಟ್ಟು ನೀವು ಅವರಿಂದ ಎಂಟು ಮೀಟರ್ ದೂರಕ್ಕೆ ಹಿಂದೆ ಹೋಗಿ 85ರಲ್ಲಿ ತೆಗೆಯಿರಿ.

ಆರ್.ಟಿ. ನಗರ:
ಮಲ್ಲೇಶ್ವರ ಸಾರ್, ಆ 85 ನನ್ನ ಝಡ್ 50ಯಲ್ಲಿ 57 ಅಲ್ವಾ? 16-50 ಅಲ್ಲಿಗೆ ಮುಟ್ಟಲ್ಲ.

ಮಲ್ಲೇಶ್ವರ 18ನೇ ಕ್ರಾಸ್:
ಹೌದು, 57. 50ರಲ್ಲೇ ನಿಲ್ಲಿಸಿ, ಒಂದು ಮೀಟರ್ ಮುಂದೆ ಬಂದು ತೆಗೆಯಿರಿ.